ಚರ್ಚಿನಲ್ಲಿ ಕೂತವರು

1944ರಲ್ಲಿ ಹಾಲಿವುಡ್ಡಿನ ಕೆಲವು ನಟರು, ನಿರ್ದೇಶಕರು, ಬರಹಗಾರರು ಸೇರಿ ಒಂದು ಸಂಘ ಕಟ್ಟಿಕೊಂಡರು. ‘ಅಮೆರಿಕದ ಆದರ್ಶಗಳ ರಕ್ಷಣೆಗಾಗಿ ಚಲನಚಿತ್ರ ಒಕ್ಕೂಟ’ ಎಂದು ಅದರ ಹೆಸರು. ಹೆಸರಿನಲ್ಲೇ ಆದರ್ಶ ಇಟ್ಟುಕೊಂಡ ಸಂಘಗಳನ್ನು ಸ್ವಲ್ಪ ದೂರದಿಂದಲೇ ನೋಡುವುದು ಒಳ್ಳೆಯದು. ಸಿನಿಮಾದೊಳಗೆ ಕಮ್ಯುನಿಸ್ಟರು ನುಸುಳಿದ್ದಾರೆ, ಅವರನ್ನು ಹೊರದಬ್ಬದಿದ್ದರೆ ದೇಶಕ್ಕೆ ಉಳಿಗಾಲವಿಲ್ಲ ಎಂದು ಒಕ್ಕೂಟ ನಂಬಿತ್ತು. ಅದಕ್ಕಾಗಿ ಕಾದಂಬರಿಕಾರ್ತಿ ಐನ್ ರ‍್ಯಾಂಡ್ 1947ರಲ್ಲಿ ಒಂದು ಕೈಪಿಡಿಯನ್ನೂ ಬರೆದುಕೊಟ್ಟರು. ಉದ್ಯಮಿಯನ್ನು ಖಳನನ್ನಾಗಿ ತೋರಿಸಬೇಡಿ, ಸಂಪತ್ತನ್ನು ಹಳಿಯಬೇಡಿ, ಸೋಲನ್ನು ಮೆರೆಸಬೇಡಿ, ಸಾಮಾನ್ಯ ಮನುಷ್ಯನನ್ನು ದೇವರು ಮಾಡಬೇಡಿ ಎಂಬಂಥ ಸೂಚನೆಗಳು. ಅದೇ ವರ್ಷ ಎಫ್‌ಬಿಐ ಕಡತದಲ್ಲಿ ಫ್ರ್ಯಾಂಕ್ ಕಾಪ್ರಾ ಅವರ ‘ಇಟ್ಸ್ ಎ ವಂಡರ್‌ಫುಲ್ ಲೈಫ್’ ಚಿತ್ರದ ಮೇಲೂ ಶಂಕೆ ದಾಖಲಾಯಿತು. ಅದರಲ್ಲಿನ ಬ್ಯಾಂಕಿನ ಧಣಿ ತೀರಾ ಕೆಟ್ಟವನಾಗಿ ಕಾಣುತ್ತಾನೆ ಎಂಬುದು ಆಕ್ಷೇಪ. ಇಂದು ಕ್ರಿಸ್‌ಮಸ್ ಬಂತೆಂದರೆ ಅಮೆರಿಕದವರು ಮನೆಮಂದಿಯೆಲ್ಲ ಕೂತು ಭಕ್ತಿಯಿಂದ ನೋಡುವ ಚಿತ್ರ ಅದೇ.

ಈ ಒಕ್ಕೂಟಕ್ಕೆ 1949ರಿಂದ ಕೆಲವು ವರ್ಷ ಅಧ್ಯಕ್ಷರಾಗಿದ್ದವರು ಜಾನ್ ವೇಯ್ನ್. ಸದಸ್ಯರಲ್ಲಿ ಗ್ಯಾರಿ ಕೂಪರ್ ಕೂಡ ಒಬ್ಬರು. ಅಮೆರಿಕದ ಆದರ್ಶ ಎಂದೊಡನೆ ಚಿತ್ರಪ್ರೇಮಿಗಳಿಗೆ ಇವತ್ತಿಗೂ ನೆನಪಾಗುವ ಸಿನಿಮಾವೊಂದು ಈ ಇಬ್ಬರ ನಡುವೆ ಸಿಕ್ಕಿಹಾಕಿಕೊಂಡಿತು. ಅದು 1952ರ ‘ಹೈ ನೂನ್’.

ಕಥೆ ಚಿಕ್ಕದು. ಪಶ್ಚಿಮದ ಕಡೆಯ ಹ್ಯಾಡ್ಲಿವಿಲ್ ಎಂಬ ಪುಟ್ಟ ಊರು, ಭಾನುವಾರದ ಬೆಳಿಗ್ಗೆ. ಊರ ಮಾರ್ಷಲ್ ವಿಲ್ ಕೇನ್ ಆಗಷ್ಟೇ ಮದುವೆಯಾಗಿ, ಎದೆಯ ಮೇಲಿನ ತಗಡಿನ ನಕ್ಷತ್ರ ಕಳಚಿಟ್ಟು, ಹೆಂಡತಿ ಏಮಿಯನ್ನು ಕರೆದುಕೊಂಡು ಹೊರಡುವುದರಲ್ಲಿದ್ದಾನೆ. ಆಗ ಸುದ್ದಿ ಬರುತ್ತದೆ. ಅವನೇ ಹಿಡಿದು ಜೈಲಿಗೆ ಕಳಿಸಿದ್ದ ಫ್ರ್ಯಾಂಕ್ ಮಿಲ್ಲರ್ ಬಿಡುಗಡೆಯಾಗಿ ಹನ್ನೆರಡು ಗಂಟೆಯ ರೈಲಿಗೆ ಬರುತ್ತಿದ್ದಾನೆ. ಅವನ ಮೂವರು ಬಂಟರು ಆಗಲೇ ಸ್ಟೇಷನ್ನಿನಲ್ಲಿ ಕಾದು ಕೂತಿದ್ದಾರೆ. ಕೇನ್ ಓಡಿಹೋಗಬಹುದಿತ್ತು. ಹೋಗುವುದಿಲ್ಲ. ಜೊತೆಗೆ ನಿಲ್ಲುವವರನ್ನು ಹುಡುಕಿಕೊಂಡು ಊರೆಲ್ಲ ಅಲೆಯುತ್ತಾನೆ. ಸಿನಿಮಾದ ಸುಮಾರು ಒಂದೂವರೆ ಗಂಟೆ ಎಂದರೆ ಈ ಅಲೆದಾಟ, ಗೋಡೆಗಡಿಯಾರ, ಮುಚ್ಚುವ ಬಾಗಿಲು. ಮಿಲ್ಲರನಿಗೆ ಶಿಕ್ಷೆ ಕೊಟ್ಟ ನ್ಯಾಯಾಧೀಶ ಗೋಡೆಯ ಮೇಲಿದ್ದ ರಾಷ್ಟ್ರಧ್ವಜ ಮಡಚಿ, ನ್ಯಾಯದ ತಕ್ಕಡಿಯನ್ನು ಗಂಟುಕಟ್ಟಿ, ಕುದುರೆ ಹತ್ತಿ ಹೊರಟುಹೋಗುತ್ತಾನೆ. ಆಪ್ತ ಗೆಳೆಯನೊಬ್ಬ ಒಳಮನೆಯಲ್ಲಿ ಅವಿತು, ಮನೆಯಲ್ಲಿಲ್ಲ ಎಂದು ಹೆಂಡತಿಯ ಬಾಯಲ್ಲಿ ಹೇಳಿಸುತ್ತಾನೆ. ಬರುತ್ತೇನೆ ಎಂದು ಮಾತು ಕೊಟ್ಟಿದ್ದ ಒಬ್ಬನೇ ಒಬ್ಬ, ಬೇರೆ ಯಾರೂ ಇಲ್ಲ ಎಂದು ತಿಳಿದ ಮೇಲೆ ಹಿಂದೆ ಸರಿಯುತ್ತಾನೆ. ಉಳಿದವರು ಒಂದು ಕಣ್ಣಿನ ಕುಡುಕ ಮತ್ತು ಹದಿನಾಲ್ಕರ ಹುಡುಗ. ಅವರಿಬ್ಬರನ್ನೂ ಕೇನ್ ತಾನೇ ವಾಪಸು ಕಳಿಸುತ್ತಾನೆ.

ಈ ಚಿತ್ರದ ಪ್ರಾಣ ಇರುವುದು ಕೊನೆಯ ಗುಂಡಿನ ಕಾಳಗದಲ್ಲಲ್ಲ, ಚರ್ಚಿನ ದೃಶ್ಯದಲ್ಲಿ. ಪ್ರಾರ್ಥನೆ ನಡೆಯುತ್ತಿದೆ. ಕೇನ್ ಒಳಗೆ ಬಂದು ಜನ ಬೇಕಾಗಿದ್ದಾರೆ ಎನ್ನುತ್ತಾನೆ. ಕೆಲವರು ಎದ್ದೇಬಿಡುತ್ತಾರೆ. ಅಷ್ಟರಲ್ಲಿ ಯಾರೋ ತಡೆಯುತ್ತಾರೆ, ಮೊದಲು ಚರ್ಚೆಯಾಗಲಿ ಎಂದು. ಮಕ್ಕಳನ್ನು ಹೊರಗೆ ಆಡಿಕೊಳ್ಳಲು ಕಳಿಸುತ್ತಾರೆ. ಒಬ್ಬ, ಇದಕ್ಕೆಂದೇ ಸಂಬಳದವರನ್ನು ಇಟ್ಟಿಲ್ಲವೇ, ನಮಗೇಕೆ ಈ ಉಸಾಬರಿ ಎನ್ನುತ್ತಾನೆ. ಇನ್ನೊಬ್ಬನ ಪ್ರಕಾರ ತಪ್ಪೆಲ್ಲ ಮಿಲ್ಲರನನ್ನು ಬಿಟ್ಟುಕಳಿಸಿದ ರಾಜಕಾರಣಿಗಳದ್ದು. ಹೆಂಗಸೊಬ್ಬಳು ಎದ್ದು, ಹೆಂಗಸರು ಮಕ್ಕಳು ನೆಮ್ಮದಿಯಿಂದ ಓಡಾಡುವ ಹಾಗೆ ಈ ಊರನ್ನು ಮಾಡಿದವನು ಯಾರು ಎಂದು ಜಂಕಿಸುತ್ತಾಳೆ. ಪಾದ್ರಿಗೆ ಏನು ಹೇಳಬೇಕೋ ತೋಚುವುದಿಲ್ಲ. ಕೊಲ್ಲಬೇಡ ಎಂದು ಬೋಧಿಸುವವನು ಹೋಗಿ ಕೊಲ್ಲಿ ಎನ್ನುವುದು ಹೇಗೆ? ಕೊನೆಗೆ ಊರ ಹಿರಿಯ ಹೆಂಡರ್ಸನ್ ಏಳುತ್ತಾನೆ. ಕೇನ್‌ನಂಥ ಮಾರ್ಷಲ್ ನಮಗೆ ಹಿಂದೆಂದೂ ಸಿಕ್ಕಿರಲಿಲ್ಲ ಎಂದು ಮನಸಾರೆ ಹೊಗಳುತ್ತಾನೆ. ನಮ್ಮ ಪರವಾಗಿ ಮಾತಾಡುವವನು ಒಬ್ಬನಾದರೂ ಸಿಕ್ಕ ಎಂದು ಕೇನ್ ಉಸಿರು ಬಿಡುವಷ್ಟರಲ್ಲಿ ಹೆಂಡರ್ಸನ್ ಮಾತು ತಿರುಗಿಸುತ್ತಾನೆ: ಉತ್ತರದ ಕಡೆಯ ಹಣವಂತರು ಈ ಊರಲ್ಲಿ ಅಂಗಡಿ, ಕಾರ್ಖಾನೆ ಹಾಕಲು ಯೋಚಿಸುತ್ತಿದ್ದಾರೆ, ಬೀದಿಯಲ್ಲಿ ಗುಂಡು ಹಾರಿತು ಎಂಬ ಸುದ್ದಿ ಅವರ ಕಿವಿಗೆ ಬಿದ್ದರೆ ಎಲ್ಲ ಹಾಳು, ಆದ್ದರಿಂದ ವಿಲ್, ನೀನು ಊರು ಬಿಟ್ಟು ಹೋಗುವುದೇ ಎಲ್ಲರಿಗೂ ಕ್ಷೇಮ. ಆ ಮಾತಿನಲ್ಲಿ ಒಂದು ಚೂರೂ ದ್ವೇಷವಿಲ್ಲ. ಅದೇ ಭಯಂಕರ.

ಚಿತ್ರಕಥೆ ಬರೆದ ಕಾರ್ಲ್ ಫೋರ್ಮನ್ ಒಂದು ಕಾಲದಲ್ಲಿ ಕಮ್ಯುನಿಸ್ಟ್ ಪಕ್ಷದಲ್ಲಿದ್ದವರು. 1951ರಲ್ಲಿ ಚಿತ್ರೀಕರಣ ನಡೆಯುತ್ತಿರುವಾಗಲೇ ಅಮೆರಿಕದ ಸಂಸತ್ತಿನ ವಿಚಾರಣಾ ಸಮಿತಿ ಅವರನ್ನು ಕರೆಸಿತು. ಹಳೆಯ ಸಂಗಾತಿಗಳ ಹೆಸರು ಹೇಳಲು ಅವರು ಒಪ್ಪಲಿಲ್ಲ. ಗೆಳೆಯರು ಒಬ್ಬೊಬ್ಬರಾಗಿ ಮುಖ ತಪ್ಪಿಸಿದರು, ವ್ಯವಹಾರದ ಪಾಲುದಾರಿಕೆ ಮುರಿದುಬಿತ್ತು. ಆ ದಿನಗಳಲ್ಲಿ ಕೇಳಿದ ಮಾತುಗಳೇ ಹ್ಯಾಡ್ಲಿವಿಲ್‌ನವರ ಬಾಯಿಗೆ ಬಂದವು ಎಂದು ಫೋರ್ಮನ್ ಮುಂದೆ ಹೇಳಿಕೊಂಡಿದ್ದಾರೆ. ಅವರು ದೇಶ ಬಿಟ್ಟು ಇಂಗ್ಲೆಂಡಿಗೆ ಹೋದರು. ‘ದ ಬ್ರಿಡ್ಜ್ ಆನ್ ದ ರಿವರ್ ಕ್ವಾಯ್’ ಚಿತ್ರಕಥೆಯಲ್ಲಿ ಅವರ ಕೈ ಇದ್ದರೂ ಹೆಸರು ಹಾಕಲಿಲ್ಲ. ಅದರ ಆಸ್ಕರ್ ಅವರಿಗೆ ದಕ್ಕಿದ್ದು 1984ರಲ್ಲಿ ಅವರು ತೀರಿಹೋದ ಮೇಲೆ. ವಿಚಿತ್ರವೆಂದರೆ, ಅದೇ ಸಮಿತಿಯ ಮುಂದೆ 1947ರಲ್ಲಿ ಸ್ನೇಹಪರ ಸಾಕ್ಷಿಯಾಗಿ ಕೂತಿದ್ದ ಗ್ಯಾರಿ ಕೂಪರ್ ಈ ಬಾರಿ ಫೋರ್ಮನ್ ಬೆನ್ನಿಗೆ ನಿಂತರು. ಅವರ ಹೊಸ ಕಂಪನಿಯಲ್ಲಿ ಹಣ ಹೂಡಲೂ ಸಿದ್ಧರಿದ್ದರು. ವೇಯ್ನ್ ಮತ್ತಿತರರ ಒತ್ತಡ ಹೆಚ್ಚಿದಾಗ ಹಿಂದೆ ಸರಿದರು. ತೆರೆಯ ಮೇಲೆ ಕೇನ್ ಆಗಿದ್ದ ಕೂಪರ್ ತೆರೆಯ ಹೊರಗೆ ಕೇನ್‌ಗೆ ಮಾತು ಕೊಟ್ಟು ಮನೆಗೆ ಹೋದ ಆ ಒಬ್ಬನಾಗಬೇಕಾಯಿತು. ಇದನ್ನು ಹಂಗಿಸಲು ಹೇಳುತ್ತಿಲ್ಲ. ಅಷ್ಟು ದೂರವಾದರೂ ಅವರು ಬಂದರಲ್ಲ.

ಆ ಪಾತ್ರಕ್ಕಾಗಿ ಕೂಪರ್‌ಗೆ ಆಸ್ಕರ್ ಬಂದಾಗ ಅವರ ಪರವಾಗಿ ವೇದಿಕೆ ಹತ್ತಿ ಪ್ರಶಸ್ತಿ ಸ್ವೀಕರಿಸಿದವರು ಜಾನ್ ವೇಯ್ನ್. 1971ರ ಸಂದರ್ಶನವೊಂದರಲ್ಲಿ ಇದೇ ವೇಯ್ನ್ ಅದನ್ನು ಅಮೆರಿಕನ್ ಅಲ್ಲದ ಚಿತ್ರ ಎಂದು ಜರೆದರು. ಇಡೀ ಊರನ್ನು ಹೇಡಿಗಳೆಂದು ತೋರಿಸುವುದು, ಕೊನೆಯಲ್ಲಿ ಕೇನ್ ಆ ನಕ್ಷತ್ರವನ್ನು ಮಣ್ಣಿಗೆಸೆಯುವುದು ಅವರಿಗೆ ಸಹ್ಯವಾಗಲಿಲ್ಲ. ಅದಕ್ಕೆ ಉತ್ತರವಾಗಿ 1959ರಲ್ಲೇ ಹೋವರ್ಡ್ ಹಾಕ್ಸ್ ಜೊತೆ ಸೇರಿ ‘ರಿಯೊ ಬ್ರಾವೊ’ ಮಾಡಿದ್ದರು. ಅದರ ಶೆರಿಫ್ ಊರವರ ಸಹಾಯ ಕೇಳುವುದೇ ಇಲ್ಲ. ಇತ್ತ ‘ಹೈ ನೂನ್’ ಶ್ವೇತಭವನದ ಅಚ್ಚುಮೆಚ್ಚಿನ ಚಿತ್ರಗಳ ಸಾಲಿಗೆ ಸೇರಿತು. ಐಸೆನ್‌ಹೋವರ್ ಅದನ್ನು ಇಷ್ಟಪಟ್ಟು ನೋಡಿದರು. ಕ್ಲಿಂಟನ್ ಅಧಿಕಾರದಲ್ಲಿದ್ದಾಗ ಮತ್ತೆ ಮತ್ತೆ ಹಾಕಿಸಿಕೊಂಡು ನೋಡಿದರು. ದೇಶದ ಅತ್ಯಂತ ಬಲಶಾಲಿ ಮನುಷ್ಯ, ಸೈನ್ಯ ಅಣ್ವಸ್ತ್ರ ಎಲ್ಲ ಕೈಯಲ್ಲಿರುವವನು, ಕತ್ತಲಲ್ಲಿ ಕೂತು ತಾನು ಯಾರೂ ಜೊತೆಗಿಲ್ಲದ ಕೇನ್ ಎಂದು ಭಾವಿಸಿಕೊಳ್ಳುವ ಈ ಸುಖ ಎಂಥದು? ಅವರಲ್ಲಿ ಯಾರಿಗಾದರೂ ಹೆಂಡರ್ಸನ್ ಮಾತು ತನ್ನ ಮಾತಿನ ಹಾಗೇ ಕೇಳಿಸಿತೇ?

ಇದು ಒಂದು ಚಿತ್ರದ ಸಂಗತಿಯಲ್ಲ. ಅಮೆರಿಕ ತನ್ನ ಆದರ್ಶಗಳನ್ನು ಹೇಳಿಕೊಂಡಿರುವ ದೊಡ್ಡ ಕಥೆಗಳ ಕಟ್ಟೇ ಹೆಚ್ಚುಕಡಿಮೆ ಹೀಗೆ. ಸ್ವಾತಂತ್ರ್ಯ, ಸಮಾನತೆ, ನ್ಯಾಯ ಎಲ್ಲವೂ ಒಬ್ಬನ ಎದೆಯಲ್ಲಿರುತ್ತವೆ, ಊರು ಎದುರಿಗಿರುತ್ತದೆ. ಮಾರ್ಕ್ ಟ್ವೇನ್ ಅವರ ಹಕಲ್‌ಬರಿ ಫಿನ್ ಓಡಿಹೋದ ಗುಲಾಮ ಜಿಮ್‌ನನ್ನು ಹಿಡಿದುಕೊಡುವ ಪತ್ರ ಬರೆದು, ಆಮೇಲೆ ಅದನ್ನು ಹರಿದುಹಾಕುತ್ತಾನೆ. ಹಾಗೆ ಹರಿಯುವಾಗ ತಾನು ಪಾಪ ಮಾಡುತ್ತಿದ್ದೇನೆ, ನರಕಕ್ಕೆ ಹೋಗುತ್ತೇನೆ ಎಂದೇ ಅವನ ನಂಬಿಕೆ. ಚರ್ಚೂ ಊರೂ ಕಲಿಸಿದ ಧರ್ಮ ಅದು. ಈ ಹುಡುಗನ ತಪ್ಪು ತಿಳಿವಳಿಕೆಯೇ ಆ ದೇಶದ ಸಾಹಿತ್ಯದ ಅತ್ಯಂತ ನಿಚ್ಚಳ ನೈತಿಕ ಕ್ಷಣ ಎಂದು ನನಗನ್ನಿಸಿದೆ. 1885ರಲ್ಲಿ ಪುಸ್ತಕ ಅಮೆರಿಕದಲ್ಲಿ ಬಂದ ಕೂಡಲೇ ಮ್ಯಾಸಚೂಸೆಟ್ಸ್‌ನ ಕಾಂಕರ್ಡ್ ಊರಿನ ಗ್ರಂಥಾಲಯ ಅದನ್ನು ಹೊರಗಿಟ್ಟಿತು. ಗುಲಾಮಗಿರಿ ನಡೆಸುವ ಸರ್ಕಾರಕ್ಕೆ ತೆರಿಗೆ ಕಟ್ಟುವುದಿಲ್ಲವೆಂದು 1846ರಲ್ಲಿ ಒಂದು ರಾತ್ರಿ ಜೈಲಿನಲ್ಲಿ ಕಳೆದ ಥೋರೊ ಅದೇ ಊರಿನವರು.

ಕಾಪ್ರಾ ಅವರ ‘ಮಿಸ್ಟರ್ ಸ್ಮಿತ್ ಗೋಸ್ ಟು ವಾಷಿಂಗ್ಟನ್’ 1939ರದ್ದು. ಸಿಸಿಲಿಯಲ್ಲಿ ಹುಟ್ಟಿ ಆರನೆಯ ವಯಸ್ಸಿಗೆ ಹಡಗು ಹತ್ತಿ ಬಂದ ಹುಡುಗ ಮುಂದೆ ಅಮೆರಿಕಕ್ಕೆ ಅಮೆರಿಕವನ್ನು ವಿವರಿಸಿದ ಚಿತ್ರ ಇದು. ಹಳ್ಳಿಯ ಮುಗ್ಧನೊಬ್ಬ ಸೆನೆಟಿನಲ್ಲಿ ನಿಂತು, ಗಂಟಲು ಕಟ್ಟಿ ಕುಸಿದು ಬೀಳುವವರೆಗೆ ಮಾತಾಡಿ ಭ್ರಷ್ಟರನ್ನು ತಡೆಯುತ್ತಾನೆ. ನಿಜವಾದ ಸೆನೆಟರುಗಳು ಚಿತ್ರ ನೋಡಿ ಕೆಂಡವಾದರು. ಲಂಡನ್ನಿನಲ್ಲಿ ರಾಯಭಾರಿಯಾಗಿದ್ದ ಜೋಸೆಫ್ ಕೆನಡಿ, ಯುರೋಪಿನಲ್ಲಿ ಇದನ್ನು ತೋರಿಸಿದರೆ ದೇಶದ ಮಾನ ಹೋಗುತ್ತದೆ ಎಂದು ಸ್ಟುಡಿಯೋಗೆ ಬರೆದರು. ಕೊನೆಯಲ್ಲಿ ಸ್ಮಿತ್ ಗೆಲ್ಲುವುದು ಖಳನಾದ ಹಿರಿಯ ಸೆನೆಟರನ ಅಂತಃಸಾಕ್ಷಿ ಇದ್ದಕ್ಕಿದ್ದಂತೆ ಎಚ್ಚರಗೊಂಡಿದ್ದರಿಂದ. ಸಿನಿಮಾಕ್ಕೆ ಅನುಕೂಲವಾದ ಎಚ್ಚರ ಅದು. ಸಂಸತ್ತುಗಳಲ್ಲಿ ಅಷ್ಟಾಗಿ ಕಂಡುಬರುವುದಿಲ್ಲ.

ಇವೆಲ್ಲಕ್ಕಿಂತ ಹೆಚ್ಚು ಜನ ಎದೆಗೆ ಹಚ್ಚಿಕೊಂಡದ್ದು ಹಾರ್ಪರ್ ಲೀ ಅವರ ‘ಟು ಕಿಲ್ ಎ ಮಾಕಿಂಗ್‌ಬರ್ಡ್’. ಪುಸ್ತಕ 1960ರದ್ದು, ಗ್ರೆಗರಿ ಪೆಕ್ ನಟಿಸಿದ ಸಿನಿಮಾ 1962ರದ್ದು. ಅಲಬಾಮದ ಕಲ್ಪಿತ ಊರಿನಲ್ಲಿ ಮಾಡದ ಅತ್ಯಾಚಾರದ ಆರೋಪ ಹೊತ್ತ ಕಪ್ಪು ಮನುಷ್ಯ ಟಾಮ್ ರಾಬಿನ್ಸನ್ ಪರವಾಗಿ ಬಿಳಿಯ ವಕೀಲ ಆಟಿಕಸ್ ಫಿಂಚ್ ವಾದಿಸುತ್ತಾನೆ, ಸೋಲುತ್ತಾನೆ. 2003ರಲ್ಲಿ ಅಮೆರಿಕನ್ ಫಿಲ್ಮ್ ಇನ್‌ಸ್ಟಿಟ್ಯೂಟ್ ನೂರು ವರ್ಷಗಳ ನಾಯಕರ ಪಟ್ಟಿ ಮಾಡಿದಾಗ ಮೊದಲ ಸ್ಥಾನ ಆಟಿಕಸ್‌ಗೆ. ನಾನು ಮೆಚ್ಚಿ ಓದಿದ ಪುಸ್ತಕ. ಆದರೆ ನ್ಯಾಯಾಲಯದ ದೃಶ್ಯದ ಕೊನೆ ಈಗೀಗ ಇರುಸುಮುರುಸು ಮಾಡುತ್ತದೆ. ತೀರ್ಪು ಬಂದಿದೆ, ಟಾಮ್‌ನನ್ನು ಕರೆದೊಯ್ದಾಗಿದೆ, ಆಟಿಕಸ್ ಒಂಟಿಯಾಗಿ ಹೊರಡುತ್ತಾನೆ, ಮೇಲಿನ ಗ್ಯಾಲರಿಯಲ್ಲಿ ಕೂರಿಸಿದ್ದ ಕಪ್ಪು ಜನರೆಲ್ಲ ಗೌರವದಿಂದ ಎದ್ದು ನಿಲ್ಲುತ್ತಾರೆ. ಕಣ್ಣು ತುಂಬಿ ಬರುತ್ತದೆ, ನಿಜ. ಅನ್ಯಾಯವನ್ನು ಮೈಮೇಲೆ ಅನುಭವಿಸಿದವರಿಗೆ ಈ ಕಥೆಯಲ್ಲಿ ಕೊಟ್ಟ ಕೆಲಸ ಅಷ್ಟೇ: ಎದ್ದು ನಿಲ್ಲುವುದು. ಅವರು ಮನೆಗೆ ಹೋಗಿ ಏನು ಮಾತಾಡಿಕೊಂಡರು, ಮರುದಿನ ಏನು ಮಾಡಿದರು, ಗೊತ್ತಿಲ್ಲ. ಟಾಮ್ ಸತ್ತ ಸುದ್ದಿಯೂ ನಮಗೆ ಆಟಿಕಸ್‌ನ ಮುಖದ ಮೇಲಿನ ದುಃಖವಾಗಿಯೇ ತಲುಪುತ್ತದೆ. 2015ರಲ್ಲಿ ಲೀ ಅವರ ಹಳೆಯ ಹಸ್ತಪ್ರತಿ ‘ಗೋ ಸೆಟ್ ಎ ವಾಚ್‌ಮನ್’ ಪುಸ್ತಕವಾಗಿ ಬಂತು. ಅದರಲ್ಲಿ ಮುದುಕನಾದ ಆಟಿಕಸ್ ಬಿಳಿಯರ ಮೇಲುಗೈ ಕಾಯುವ ಸಭೆಯಲ್ಲಿ ಕೂತಿದ್ದಾನೆ. ಓದುಗರಿಗೆ ಮನೆಯ ಹಿರಿಯರೇ ಮೋಸ ಮಾಡಿದಷ್ಟು ನೋವಾಯಿತು. ನನ್ನ ಮಟ್ಟಿಗೆ ಈ ಎರಡನೆಯ ಆಟಿಕಸ್ಸೇ ಹೆಚ್ಚು ನಂಬಲರ್ಹ. ನ್ಯಾಯಾಲಯದಲ್ಲಿ ಒಬ್ಬ ಕಪ್ಪು ಮನುಷ್ಯನನ್ನು ಉಳಿಸಲು ಹೋರಾಡಿ, ಅವನ ಮಕ್ಕಳು ತನ್ನ ಮೊಮ್ಮಕ್ಕಳ ಶಾಲೆಗೆ ಬರುವುದನ್ನು ತಡೆಯುವ ಸಜ್ಜನರು ಎಲ್ಲ ಸೀಮೆಯಲ್ಲೂ ಇದ್ದಾರೆ.

ಈ ಸಾಲಿಗೆ ಸೇರದ ಒಂದು ಚಿತ್ರವಿದೆ, ಸಿಡ್ನಿ ಲ್ಯೂಮೆಟ್ ಅವರ ‘ಟ್ವೆಲ್ವ್ ಆಂಗ್ರಿ ಮೆನ್’, 1957. ಅಲ್ಲೂ ಶುರುವಿನಲ್ಲಿ ಹನ್ನೊಂದು ಮಂದಿಯ ಎದುರು ಒಬ್ಬನೇ. ಆದರೆ ಕೊಠಡಿಯ ಬಾಗಿಲು ಮುಚ್ಚಿದೆ, ಯಾರೂ ಮನೆಗೆ ಹೋಗುವಂತಿಲ್ಲ, ಮಾತಾಡಲೇಬೇಕು. ಒಬ್ಬೊಬ್ಬರಾಗಿ ಮನಸ್ಸು ಬದಲಿಸುತ್ತಾರೆ. ಬಾಸು ಚಟರ್ಜಿ ಇದನ್ನು 1986ರಲ್ಲಿ ‘ಏಕ್ ರುಕಾ ಹುವಾ ಫೈಸ್ಲಾ’ ಎಂದು ಹಿಂದಿಗೆ ತಂದರು, 2012ರಲ್ಲಿ ಕನ್ನಡದಲ್ಲಿ ‘ದಶಮುಖ’ ಬಂತು. ಜ್ಯೂರಿ ಪದ್ಧತಿಯನ್ನು ನಾವು ಎಂದೋ ಕೈಬಿಟ್ಟಿದ್ದೇವೆ. ಆದರೂ ಕಥೆ ನಮ್ಮಲ್ಲಿಗೆ ಬಂತು, ಏಕೆಂದರೆ ಪರಿಚಯವಿಲ್ಲದ ಹನ್ನೆರಡು ಜನ ಒಂದು ಮೇಜಿನ ಸುತ್ತ ಕೂತು ಪೂರ್ವಗ್ರಹ ಕಳಚಿಕೊಳ್ಳಬಲ್ಲರು ಎಂಬ ಭರವಸೆ ಯಾರಿಗೆ ಬೇಡ?

ಈಗ ಇನ್ನೊಂದು ಚರ್ಚಿಗೆ ಬರೋಣ. ಇದು ಸಿನಿಮಾದ್ದಲ್ಲ. ಅಲಬಾಮದ ಮಾಂಟ್‌ಗೊಮರಿಯ ಹೋಲ್ಟ್ ಸ್ಟ್ರೀಟ್ ಬ್ಯಾಪ್ಟಿಸ್ಟ್ ಚರ್ಚು, 1955ರ ಡಿಸೆಂಬರ್ 5, ಸೋಮವಾರ ಸಂಜೆ. ಒಳಗೆ ಜಾಗ ಸಾಲದೆ ಸಾವಿರಾರು ಜನ ಹೊರಗೆ ನಿಂತು ಧ್ವನಿವರ್ಧಕದಲ್ಲಿ ಕೇಳಿಸಿಕೊಳ್ಳುತ್ತಿದ್ದರು. ಬಸ್ಸಿನಲ್ಲಿ ಬಿಳಿಯನಿಗೆ ಸೀಟು ಬಿಟ್ಟುಕೊಡದ ರೋಸಾ ಪಾರ್ಕ್ಸ್ ಅವರ ಬಂಧನವಾಗಿ ನಾಲ್ಕು ದಿನವಾಗಿತ್ತು. ಅಂದು ಬೆಳಿಗ್ಗೆಯಿಂದ ಕಪ್ಪು ಜನ ಬಸ್ಸು ಹತ್ತಿರಲಿಲ್ಲ. ಮುಂದುವರಿಸಬೇಕೇ ಎಂಬುದು ಸಭೆಯ ಪ್ರಶ್ನೆ. ಇಪ್ಪತ್ತಾರು ವರ್ಷದ ಮಾರ್ಟಿನ್ ಲೂಥರ್ ಕಿಂಗ್ ಮಾತಾಡಿದರು. ನಿರ್ಣಯ ಓದಿದಾಗ ಜನ ಎದ್ದು ನಿಂತು ಒಪ್ಪಿಗೆ ಕೊಟ್ಟರು. ಇಲ್ಲಿ ಎದ್ದು ನಿಂತದ್ದು ಯಾರದೋ ಗೌರವಕ್ಕಲ್ಲ, ಮರುದಿನ ಬೆಳಿಗ್ಗೆ ನಡೆದು ಕೆಲಸಕ್ಕೆ ಹೋಗುವುದಕ್ಕೆ. ಆ ನಡಿಗೆ 381 ದಿನ ನಡೆಯಿತು.

ಪಠ್ಯಪುಸ್ತಕಗಳು ಇದನ್ನೂ ಒಬ್ಬರ ಕಥೆಯಾಗಿ ಹೇಳುತ್ತವೆ: ದಿನವಿಡೀ ಹೊಲಿದು ದಣಿದ ಬಡ ಹೆಂಗಸೊಬ್ಬಳು ಥಟ್ಟನೆ ಏಳುವುದಿಲ್ಲ ಎಂದಳು, ಚರಿತ್ರೆ ಬದಲಾಯಿತು. ಆದರೆ ಪಾರ್ಕ್ಸ್ ಕಪ್ಪು ಜನರ ಹಕ್ಕಿನ ಸಂಘಟನೆಯ ಸ್ಥಳೀಯ ಶಾಖೆಗೆ ವರ್ಷಗಟ್ಟಲೆ ಕಾರ್ಯದರ್ಶಿಯಾಗಿದ್ದವರು; ಅದೇ ಬೇಸಿಗೆಯಲ್ಲಿ ಟೆನೆಸ್ಸಿಯ ಹೈಲ್ಯಾಂಡರ್ ಫೋಕ್ ಸ್ಕೂಲಿನಲ್ಲಿ ಹೋರಾಟದ ತರಬೇತಿ ಪಡೆದು ಬಂದಿದ್ದವರು. ಬಂಧನದ ರಾತ್ರಿಯೇ ಕಾಲೇಜು ಅಧ್ಯಾಪಕಿ ಜೋ ಆ್ಯನ್ ರಾಬಿನ್ಸನ್ ಇಬ್ಬರು ವಿದ್ಯಾರ್ಥಿಗಳೊಂದಿಗೆ ಕಾಲೇಜಿನ ಸೈಕ್ಲೋಸ್ಟೈಲ್ ಯಂತ್ರದ ಮುಂದೆ ಬೆಳಗಿನವರೆಗೆ ನಿಂತು ಹತ್ತಾರು ಸಾವಿರ ಕರಪತ್ರ ತೆಗೆದರು. ನೂರಾರು ಕಾರುಗಳ ಸರದಿ ಏರ್ಪಟ್ಟಿತು. ಜಾರ್ಜಿಯಾ ಗಿಲ್ಮೋರ್ ಎಂಬ ಅಡುಗೆಯವರು ಹೆಂಗಸರನ್ನು ಸೇರಿಸಿ ಕೋಳಿ ಹುರಿದು, ಕೇಕು, ಪೈ ಮಾಡಿ ಮಾರಿ ಪೆಟ್ರೋಲಿಗೆ ಹಣ ಕೂಡಿಸಿದರು. ಹಣ ಎಲ್ಲಿಂದ ಬಂತೆಂದು ಯಾರಾದರೂ ಕೇಳಿದರೆ ಎಲ್ಲಿಂದಲೂ ಇಲ್ಲ ಎನ್ನುವುದು ಅವರ ಉತ್ತರ. ಗುಂಪಿಗೂ ಅದೇ ಹೆಸರಿಟ್ಟುಕೊಂಡರು. ಬಿಳಿಯರ ಮನೆಗಳಲ್ಲಿ ಕೆಲಸಕ್ಕಿದ್ದ ಹೆಂಗಸರ ಹೆಸರು ಹೊರಬಿದ್ದರೆ ಅನ್ನಕ್ಕೆ ಕುತ್ತು ಬರುತ್ತಿತ್ತು. ಇಂಥವರ ಮೇಲೆ ಸಿನಿಮಾ ತೆಗೆಯುವುದು ಕಷ್ಟ, ಒಪ್ಪುತ್ತೇನೆ. ಕ್ಯಾಮೆರಾಕ್ಕೆ ಒಂದು ಮುಖ ಬೇಕು. 1990ರಲ್ಲಿ ಈ ಬಹಿಷ್ಕಾರದ ಮೇಲೆಯೇ ಬಂದ ‘ದ ಲಾಂಗ್ ವಾಕ್ ಹೋಮ್’ ಚಿತ್ರದಲ್ಲಿ ವೂಪಿ ಗೋಲ್ಡ್‌ಬರ್ಗ್ ಮನೆಗೆಲಸದವಳಾಗಿ ಮೈಲಿಗಟ್ಟಲೆ ನಡೆಯುತ್ತಾರೆ; ಕಥೆ ಹೇಳುವ ದನಿ ಮಾತ್ರ ಒಡತಿಯ ಮಗಳದ್ದು.

ಒಬ್ಬರದೇ ಮುಖ ಬೇಕೆಂಬ ಈ ಹಟಕ್ಕೆ ಬಲಿಯಾದವರೂ ಇದ್ದಾರೆ. ಪಾರ್ಕ್ಸ್‌ಗಿಂತ ಒಂಬತ್ತು ತಿಂಗಳು ಮೊದಲು, 1955ರ ಮಾರ್ಚ್ 2ರಂದು, ಹದಿನೈದು ವರ್ಷದ ಕ್ಲಾಡೆಟ್ ಕಾಲ್ವಿನ್ ಅದೇ ಊರಿನ ಬಸ್ಸಿನಲ್ಲಿ ಏಳಲು ಒಪ್ಪದೆ ಜೈಲು ಕಂಡಿದ್ದಳು. ಹುಡುಗಿ ಚಿಕ್ಕವಳು, ಬಡವರ ಮನೆಯವಳು, ಆಮೇಲೆ ಮದುವೆಯಿಲ್ಲದೆ ಗರ್ಭಿಣಿಯಾದಳು. ಹೋರಾಟದ ಮುಖವಾಗಲು ಯೋಗ್ಯಳಲ್ಲ ಎಂದು ಮುಖಂಡರು ತೀರ್ಮಾನಿಸಿದರು. ಬಸ್ಸಿನ ಭೇದವನ್ನು ಕಾನೂನಿನಲ್ಲಿ ಮುರಿದದ್ದು 1956ರ ‘ಬ್ರೌಡರ್ ವಿರುದ್ಧ ಗೇಯ್ಲ್’ ಮೊಕದ್ದಮೆ. ಅದರ ವಾದಿಗಳಲ್ಲಿ ಪಾರ್ಕ್ಸ್ ಇರಲಿಲ್ಲ, ಕಾಲ್ವಿನ್ ಇದ್ದಳು. ಅವಳ ಹೆಸರಿನ ಮೇಲಿದ್ದ ಬಾಲಾಪರಾಧದ ದಾಖಲೆಯನ್ನು ಅಲಬಾಮದ ನ್ಯಾಯಾಲಯ ಅಳಿಸಿದ್ದು 2021ರಲ್ಲಿ, ಅವರಿಗೆ ಎಂಬತ್ತೆರಡಾದ ಮೇಲೆ.

ಪೋಲೆಂಡಿನವರು ‘ಹೈ ನೂನ್’ ಚಿತ್ರವನ್ನು ಅಮೆರಿಕದವರಿಗಿಂತ ಚೆನ್ನಾಗಿ ಅರ್ಥಮಾಡಿಕೊಂಡರು ಎನ್ನಬೇಕು. 1989ರ ಜೂನ್ 4ರ ಚುನಾವಣೆಗೆ ಸಾಲಿಡಾರಿಟಿ ಕಾರ್ಮಿಕ ಸಂಘಟನೆ ಹಚ್ಚಿದ ಭಿತ್ತಿಪತ್ರದಲ್ಲಿ ಗ್ಯಾರಿ ಕೂಪರ್ ಮಾರ್ಷಲ್ ವೇಷದಲ್ಲೇ ನಡೆದು ಬರುತ್ತಿದ್ದರು. ಕೈಯಲ್ಲಿ ಪಿಸ್ತೂಲಿನ ಬದಲು ಮತಪತ್ರ, ಎದೆಯ ಮೇಲೆ ನಕ್ಷತ್ರದ ಜೊತೆ ಸಂಘದ ಬಿಲ್ಲೆ. ಆ ಸಂಘಕ್ಕೆ ಒಂದು ಕಾಲದಲ್ಲಿ ಕೋಟಿಯಷ್ಟು ಸದಸ್ಯರಿದ್ದರು. ಸೆನೆಟಿನ 100 ಸ್ಥಾನಗಳಲ್ಲಿ 99 ಅವರ ಪಾಲಾದವು. ಅಂದಹಾಗೆ, ಮೂಲ ಚಿತ್ರದಲ್ಲೂ ಕೇನ್ ಪೂರ್ತಿ ಒಂಟಿಯಲ್ಲ. ಹಿಂಸೆಯನ್ನು ಒಪ್ಪದ ಕ್ವೇಕರ್ ಪಂಥದ ಏಮಿ ರೈಲಿನಿಂದ ಇಳಿದು ಓಡಿಬಂದು, ತನ್ನ ವ್ರತ ಮುರಿದು, ಒಬ್ಬನನ್ನು ಗುಂಡಿಟ್ಟು ಕೊಂದು ಗಂಡನನ್ನು ಉಳಿಸುತ್ತಾಳೆ. ನಮ್ಮ ನೆನಪಿನಲ್ಲಿ ಉಳಿಯುವುದು ಮಾತ್ರ ಖಾಲಿ ಬೀದಿ, ಒಬ್ಬ ಮನುಷ್ಯ.

ಒಂಟಿ ನಾಯಕನ ಕಥೆಯನ್ನು ಅಮೆರಿಕದಲ್ಲಿ ಅತಿ ಹೆಚ್ಚು ನಂಬುವವರು ಯಾರು ಎಂದು ಕೇಳಿದರೆ, ಹೊಸದಾಗಿ ಹೋದವರು ಎನ್ನುತ್ತೇನೆ. ಅವರಲ್ಲಿ ನಮ್ಮವರೂ ಸೇರಿದ್ದಾರೆ. ಕೈಯಲ್ಲಿ ಎರಡು ಸೂಟ್‌ಕೇಸು, ತಲೆಯಲ್ಲಿ ಗಣಿತ, ಮಿಕ್ಕದ್ದೆಲ್ಲ ಸ್ವಂತ ದುಡಿಮೆ ಎಂಬ ಕಥೆ ನ್ಯೂಜೆರ್ಸಿಯಿಂದ ಸ್ಯಾನ್ ಹೊಸೆಯವರೆಗೆ ಕನ್ನಡ ಕೂಟಗಳ ಊಟದ ಮೇಜಿನಲ್ಲಿ ಕೇಳಿಬರುತ್ತದೆ. ಹೊರೇಷಿಯೊ ಆಲ್ಜರ್ 1868ರ ‘ರ‍್ಯಾಗ್ಡ್ ಡಿಕ್’ ಪುಸ್ತಕದಲ್ಲಿ ಈ ಕಥೆಯ ಮಾದರಿ ಹಾಕಿಕೊಟ್ಟವರು. ಆ ಪುಸ್ತಕವನ್ನು ಹೆಸರಿಸುವವರು ಒಂದನ್ನು ಮರೆಯುತ್ತಾರೆ: ಬೂಟು ಪಾಲಿಶ್ ಮಾಡುವ ಹುಡುಗ ಮೇಲೆ ಬರುವುದು ಬರಿಯ ದುಡಿಮೆಯಿಂದಲ್ಲ, ನೀರಿಗೆ ಬಿದ್ದ ಸಾಹುಕಾರನ ಮಗುವನ್ನು ಉಳಿಸಿ ಸಾಹುಕಾರನ ಕಣ್ಣಿಗೆ ಬಿದ್ದದ್ದರಿಂದ. ನಮ್ಮವರಿಗೆ ಆ ಬಾಗಿಲು ತೆರೆದದ್ದು 1965ರ ವಲಸೆ ಕಾನೂನು. ಅದಕ್ಕೆ ಮುಂಚೆ ಭಾರತದಿಂದ ವರ್ಷಕ್ಕೆ ನೂರು ಜನರಿಗೆ ಮಾತ್ರ ಅವಕಾಶ. ಆ ನೂರೂ ಸಿಕ್ಕಿದ್ದು 1946ರಲ್ಲಿ. ಹುಟ್ಟಿದ ದೇಶ ನೋಡಿ ಮನುಷ್ಯರಿಗೆ ಬೆಲೆ ಕಟ್ಟುವುದು ತಪ್ಪು ಎಂಬ ಮಾತು ಅಮೆರಿಕದ ಸಂಸತ್ತಿನಲ್ಲಿ ಗೆದ್ದದ್ದು, ಕಪ್ಪು ಜನರ ಮತದ ಹಕ್ಕಿನ ಕಾನೂನು ಗೆದ್ದ ಅದೇ ವರ್ಷ, ಅದೇ ಅಲೆಯಲ್ಲಿ. ನಮ್ಮ ಎಂಜಿನಿಯರುಗಳ ವೀಸಾದ ಹಿಂದೆ ಗಿಲ್ಮೋರ್ ಹುರಿದ ಕೋಳಿಯ ಪಾಲೂ ಇದೆ.

ಆ ದೇಶದ ಆದರ್ಶದ ಎದುರು ನಮ್ಮವರು ನಿಂತ ಎರಡು ಬಗೆ ನನ್ನನ್ನು ಬಹಳ ಕಾಡುತ್ತವೆ. ಮೊದಲನೆಯದು ಭಗತ್ ಸಿಂಗ್ ಥಿಂಡ್ ಅವರದು. ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯದಲ್ಲಿದ್ದವರು. ಬಿಳಿಯರು, ಆಫ್ರಿಕಾ ಮೂಲದವರು ಬಿಟ್ಟರೆ ಬೇರೆ ವಲಸಿಗರಿಗೆ ಪೌರತ್ವವಿಲ್ಲ ಎಂಬ ನಿಯಮದ ಎದುರು ಅವರ ವಕೀಲರು ಹೂಡಿದ ವಾದ ಹೀಗಿತ್ತು: ಇವರು ಮೇಲ್ಜಾತಿಯ ಆರ್ಯರು, ಇವರ ಜನ ಕೆಳಗಿನವರೊಂದಿಗೆ ರಕ್ತ ಬೆರೆಸುವುದಿಲ್ಲ, ನೀವು ನೀಗ್ರೋಗಳನ್ನು ಕಾಣುವಂತೆಯೇ ಇವರು ಅಲ್ಲಿನ ಮೂಲನಿವಾಸಿಗಳನ್ನು ಕಾಣುತ್ತಾರೆ, ಆದ್ದರಿಂದ ಇವರೂ ಬಿಳಿಯರೇ. 1923ರಲ್ಲಿ ಸುಪ್ರೀಂ ಕೋರ್ಟು ಒಪ್ಪಲಿಲ್ಲ. ಆಗಲೇ ಪೌರತ್ವ ಪಡೆದಿದ್ದ ಹಲವು ಭಾರತೀಯರಿಂದಲೂ ಅದನ್ನು ಕಿತ್ತುಕೊಂಡರು. ಅನ್ಯಾಯವೇ. ಆದರೆ ಆ ವಾದ ಗೆದ್ದಿದ್ದರೆ ಇನ್ನೂ ಹೆಚ್ಚು ನಾಚಿಕೆಯಾಗುತ್ತಿತ್ತು.

ಎರಡನೆಯದು ಮಂಗಳೂರಿನ ಮಗಳು ಕಮಲಾದೇವಿ ಚಟ್ಟೋಪಾಧ್ಯಾಯ ಅವರದು. 1941ರಲ್ಲಿ ಅಮೆರಿಕದ ದಕ್ಷಿಣದಲ್ಲಿ, ಲೂಸಿಯಾನಾದ ಕಡೆ ರೈಲಿನಲ್ಲಿ ಹೋಗುತ್ತಿದ್ದಾಗ ಟಿಕೆಟ್ ಕಲೆಕ್ಟರ್ ಬಂದು, ಇದು ಬಿಳಿಯರ ಡಬ್ಬಿ, ಎದ್ದು ಹೋಗಿ ಎಂದ. ಇವರು ಏಳಲಿಲ್ಲ. ಆತ ಸ್ವಲ್ಪ ಹೊತ್ತಿನ ಮೇಲೆ ವಾಪಸು ಬಂದು ಯಾವ ದೇಶದವರು ಎಂದು ಕೆದಕಿದ. ಹೊರದೇಶದ ಗಣ್ಯರೆಂದು ಗೊತ್ತಾದರೆ ನಿಯಮ ಸಡಿಲಿಸುವ ದಾರಿ ಅವನಿಗಿತ್ತು. ಇವರು ಮೊದಲು ನ್ಯೂಯಾರ್ಕಿನಿಂದ ಬಂದೆ ಎಂದರು. ಕೊನೆಗೆ ಭಾರತ ಎಂದು ತಿಳಿದಾಗ, ಅದರಿಂದೇನೂ ವ್ಯತ್ಯಾಸವಿಲ್ಲ, ನಾನು ಬಿಳಿಯಳಲ್ಲ ಎಂಬುದು ಕಾಣುತ್ತಲೇ ಇದೆ, ಏಳುವ ಉದ್ದೇಶ ನನಗಿಲ್ಲ ಎಂಬರ್ಥದ ಉತ್ತರ ಕೊಟ್ಟರು. ಆತ ಗೊಣಗುತ್ತಾ ಹೊರಟುಹೋದ. ಕಮಲಾದೇವಿ ಒಂಟಿಯಾಗಿ ಕೂತಿದ್ದರು ನಿಜ, ಆದರೆ ಆ ವಿನಾಯಿತಿಯನ್ನು ಬೇಡವೆಂದ ಕ್ಷಣದಲ್ಲಿ ಅವರು ಇನ್ನೊಂದು ಡಬ್ಬಿಯಲ್ಲಿದ್ದವರ ಜೊತೆ ಸೇರಿಕೊಂಡರು. ಈ ಪ್ರಸಂಗ ಮಾಂಟ್‌ಗೊಮರಿಗಿಂತ ಹದಿನಾಲ್ಕು ವರ್ಷ ಮೊದಲಿನದು. ಕರಕುಶಲ, ನಾಟಕ, ಉಪ್ಪಿನ ಸತ್ಯಾಗ್ರಹಗಳ ಜೊತೆ ಇದನ್ನೂ ನಮ್ಮ ಶಾಲೆಯ ಪುಸ್ತಕಗಳು ಹೇಳಬೇಕು.

ಈಗ ನಮ್ಮವರು ಯಾರ ದಾರಿಯಲ್ಲಿದ್ದಾರೆ? 2023ರ ಫೆಬ್ರವರಿಯಲ್ಲಿ ಸಿಯಾಟಲ್ ನಗರಸಭೆ ಜಾತಿಯ ಆಧಾರದ ತಾರತಮ್ಯವನ್ನು ಕಾನೂನಿನಲ್ಲಿ ನಿಷೇಧಿಸಿತು. ಅಮೆರಿಕದ ನಗರಗಳಲ್ಲಿ ಅದೇ ಮೊದಲು. ಮಸೂದೆ ತಂದವರು ಪುಣೆಯಲ್ಲಿ ಹುಟ್ಟಿದ ಕ್ಷಮಾ ಸಾವಂತ್. ಅದೇ ವರ್ಷ ಕ್ಯಾಲಿಫೋರ್ನಿಯಾದ ಎರಡೂ ಸದನಗಳು ಅಂಥದೇ ಮಸೂದೆಯನ್ನು ಒಪ್ಪಿದವು. ಎರಡೂ ಕಡೆ ಗಟ್ಟಿ ವಿರೋಧ ಬಂದದ್ದು ಭಾರತೀಯ ಮೂಲದ ಸಂಘಟನೆಗಳಿಂದಲೇ. ಹೆಸರು ನೋಡಿಯೇ ನಮ್ಮೆಲ್ಲರನ್ನೂ ಅನುಮಾನಿಸುತ್ತಾರೆ ಎಂಬ ಅವರ ಅಂಜಿಕೆಯನ್ನು ಪೊಳ್ಳು ಎಂದು ತಳ್ಳಿಹಾಕಲಾರೆ. ಚರ್ಮದ ಬಣ್ಣಕ್ಕೆ ಅನುಮಾನ ಉಂಡವರು ಅವರು. ಆದರೆ ಸಮುದಾಯಕ್ಕೆ ಕೆಟ್ಟ ಹೆಸರು ಬರುತ್ತದೆ, ಜಾತಿಯನ್ನೆಲ್ಲ ನಾವು ಊರಲ್ಲೇ ಬಿಟ್ಟುಬಂದಿದ್ದೇವೆ, ಈಗೇಕೆ ಈ ಗಲಾಟೆ ಎನ್ನುವ ವಾದ ಹೆಂಡರ್ಸನ್‌ನ ಭಾಷಣವೇ. ಬಿಟ್ಟುಬಂದಿದ್ದರೆ ಕಾನೂನಿನಿಂದ ಯಾರಿಗೆ ತೊಂದರೆ? ಮಸೂದೆಗೆ ಸಹಿ ಬೀಳಲಿ ಎಂದು ದಲಿತ ಕಾರ್ಯಕರ್ತರು ಸ್ಯಾಕ್ರಮೆಂಟೊದಲ್ಲಿ ಉಪವಾಸ ಕೂತರು. ಇರುವ ಕಾನೂನುಗಳೇ ಸಾಕು ಎಂದು ರಾಜ್ಯಪಾಲರು ಅಕ್ಟೋಬರ್ 7ರಂದು ಅದನ್ನು ತಿರಸ್ಕರಿಸಿದರು.

ಅಮೆರಿಕದಲ್ಲಿ ಕೂತು ಇದನ್ನು ಓದುತ್ತಿರುವ ಕನ್ನಡಿಗರಲ್ಲಿ ಒಂದು ಕೋರಿಕೆ. ಇಂಥ ಮಸೂದೆ ಇನ್ನೊಮ್ಮೆ ಬರುತ್ತದೆ. ಆಗ ಪರವಾಗಿಯೋ ವಿರೋಧವಾಗಿಯೋ ಸಹಿ ಹಾಕುವ ಮೊದಲು ನಿಮ್ಮ ಕನ್ನಡ ಕೂಟದಲ್ಲಿರುವ ದಲಿತ ಕುಟುಂಬದವರನ್ನು ಮನೆಗೆ ಕರೆದು ಅವರ ಅಭಿಪ್ರಾಯ ಕೇಳಿ. ಅಂಥ ಒಂದು ಕುಟುಂಬವೂ ನಿಮ್ಮ ಕೂಟದಲ್ಲಿಲ್ಲ ಎಂದಾದರೆ, ಏಕಿಲ್ಲ ಎಂದು ಕೂಟದ ಸಭೆಯಲ್ಲಿ ಎದ್ದು ನಿಂತು ಕೇಳಿ.